ಕೊಸರು ಕಲಿಸಿದ ಪಾಠ

ಹುಣಸೂರು ರಸ್ತೆಯಲ್ಲಿ ಮೈಸೂರನ್ನು ಬಿಟ್ಟು ಹೊರಟವರಿಗೆ ಹಿನಕಲ್ ಇಂದು ಊರಾಗಿ ಕಾಣುವುದಕ್ಕಿಂತ ಮೇಲ್ಸೇತುವೆಯಾಗಿ ಕಾಣುವುದೇ ಹೆಚ್ಚು. ವರ್ತುಲ ರಸ್ತೆಯೂ ಹುಣಸೂರು ರಸ್ತೆಯೂ ಕೂಡುವ ಆ ಸ್ಥಳದಲ್ಲಿ ಹಗಲಿರುಳೂ ವಾಹನಗಳ ಸಂತೆ. ಆದರೆ ಅಲ್ಲಿಂದ ಒಳದಾರಿ ಹಿಡಿದು ನಡೆದರೆ ಹಳೆಯ ಊರು ಇನ್ನೂ ತನ್ನ ಪಾಡಿಗೆ ತಾನು ಉಸಿರಾಡುತ್ತಿರುವುದು ಕಾಣುತ್ತದೆ. ಪುರಾತನವಾದ ನನ್ನೇಶ್ವರ ದೇಗುಲವಿದೆ; ಓಣಿಗೆ ಬಾಗಿಲು ತೆರೆದ ಚಿಲ್ಲರೆ ಅಂಗಡಿಗಳಿವೆ. ಗ್ರಾಮ ಪಂಚಾಯಿತಿಯಾಗಿದ್ದ ಈ ಊರು ಕೆಲವು ವರ್ಷಗಳ ಹಿಂದೆ ಹೂಟಗಳ್ಳಿ ನಗರಸಭೆಗೆ ಸೇರಿತು. ಒಂದು ಮಗ್ಗುಲಲ್ಲಿ ವಿಜಯನಗರದ ಬಡಾವಣೆಗಳು, ಇನ್ನೊಂದು ಮಗ್ಗುಲಲ್ಲಿ ಹೆಬ್ಬಾಳದ ಕೈಗಾರಿಕಾ ಪ್ರದೇಶ. ಹಳ್ಳಿ ಮುಗಿದರೂ ಪೇಟೆ ಪೂರ್ತಿಯಾಗಿ ಆರಂಭವಾಗದ ಇಂಥ ಅಂಚಿನಲ್ಲಿಯೇ ಮಾರುಕಟ್ಟೆಯ ಹೊಸ ಗಾಳಿ ಬಿರುಸಾಗಿ ಬೀಸುತ್ತದೆ.

ಭಾನುವಾರ ಬೆಳಗಿನ ಬಲಿಪೂಜೆ ಮುಗಿಸಿಕೊಂಡು ಬಂದ ನಾವು ಅಂಥದೊಂದು ಅಂಗಡಿಯ ಮುಂದೆ ಕುಳಿತಿದ್ದೆವು. ಅಂಗಡಿಯ ಯಜಮಾನರ ಮಗಳು ಮೈಸೂರಿನ ಕಾಲೇಜೊಂದರಲ್ಲಿ ಎಂ.ಕಾಂ. ಓದುತ್ತಿದ್ದಾಳೆ. ಅವಳ ಪಠ್ಯಕ್ರಮದಲ್ಲಿ ಮಾರುಕಟ್ಟೆಯ ಸಮಕಾಲೀನ ಸಮಸ್ಯೆಗಳನ್ನು ಕುರಿತ ಒಂದು ಪತ್ರಿಕೆಯಿದೆ. ಆ ವಿಷಯವಾಗಿ ನಮ್ಮ ಯುವಜನರಿಗೆ ಉಪಯೋಗವಾಗುವ ನಾಲ್ಕು ಮಾತು ಕೇಳಿ ಬರೆಯೋಣವೆಂಬುದು ನಮ್ಮ ಉದ್ದೇಶವಾಗಿತ್ತು. ತನ್ನ ಹೆಸರು ಬೇಡವೆಂದು ಆಕೆ ಮೊದಲೇ ಕೇಳಿಕೊಂಡಳು; ಆ ಕೋರಿಕೆಯನ್ನು ನಾವು ಮನ್ನಿಸಿದ್ದೇವೆ.

ಮಾತು ಆರಂಭವಾಗುವ ಮುನ್ನವೇ ಪಾಠ ಆರಂಭವಾಗಿಬಿಟ್ಟಿತು. ಮುದುಕಿಯೊಬ್ಬರು ಬಂದು ಕಾಲು ಕಿಲೋ ಕಡಲೆಕಾಯಿ ಬೀಜ ಕೇಳಿದರು. ಯಜಮಾನರು ತಕ್ಕಡಿಯಲ್ಲಿ ತೂಗಿ, ಮುಳ್ಳು ನೆಟ್ಟಗೆ ನಿಂತದ್ದನ್ನು ಅವರಿಗೂ ತೋರಿಸಿ, ಪೊಟ್ಟಣಕ್ಕೆ ಸುರಿದರು. ಕಟ್ಟುವ ಮೊದಲು ಇನ್ನಷ್ಟು ಬೀಜವನ್ನು ಮುಷ್ಟಿಯಲ್ಲಿ ತೆಗೆದು ಪೊಟ್ಟಣದೊಳಕ್ಕೆ ಹಾಕಿದರು. ಕೇಳಿದವರಿಲ್ಲ, ಹೇಳಿದವರಿಲ್ಲ. ಮುದುಕಿ ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ.

"ಅದು ಕೊಸರು" ಎಂದು ವಿದ್ಯಾರ್ಥಿನಿ ನಕ್ಕಳು. "ನಮ್ಮ ಪುಸ್ತಕದಲ್ಲಿ ಇದಕ್ಕೆ ಹೆಸರೇ ಇಲ್ಲ ಸಾರ್. ಒಂದು ವರ್ಷದಿಂದ ಹುಡುಕ್ತಾ ಇದೀನಿ."

ತರಗತಿಯ ಮೊದಲ ಪ್ರಶ್ನೆ

ಪದವಿ ತರಗತಿಯಲ್ಲಿ ಆಕೆ ಮಾರುಕಟ್ಟೆ ಶಾಸ್ತ್ರದ ಮೂಲಪಾಠಗಳನ್ನು ಓದಿದ್ದಳು. ಸರಕು, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕು ಕಂಬಗಳ ಮಂಟಪವನ್ನು ಅಮೆರಿಕದ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ 1960ರಲ್ಲಿ ಕಟ್ಟಿಕೊಟ್ಟರು. ವಾಣಿಜ್ಯ ವಿದ್ಯಾರ್ಥಿಗಳು ಇಂದಿಗೂ ಅದನ್ನು ಕಂಠಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವು. ಮಾರುವುದೆಂದರೆ ಏನೆಂಬುದು ತನಗೆ ತಿಳಿಯಿತೆಂದು ಆಕೆ ಭಾವಿಸಿದ್ದಳು.

ಎಂ.ಕಾಂ. ತರಗತಿಯ ಮೊದಲ ದಿನವೇ ಆ ಭಾವನೆ ಕುಸಿಯಿತು. ಪಾಠ ಹೇಳಲು ಬಂದ ಅಧ್ಯಾಪಕಿ ಕಪ್ಪುಹಲಗೆಯ ಮೇಲೆ ಏನನ್ನೂ ಬರೆಯಲಿಲ್ಲ. "ಕಳೆದ ವಾರ ನಿಮ್ಮ ಮನೆಗೆ ಬಂದ ವಸ್ತುಗಳಲ್ಲಿ ನಿಮಗೆ ನಿಜವಾಗಿ ಬೇಕಾಗಿದ್ದವು ಯಾವುವು? ಬೇಕು ಎಂದು ಯಾರೋ ಅನ್ನಿಸಿದವು ಯಾವುವು?" ಎಂದಷ್ಟೇ ಕೇಳಿ, ಒಂದು ತಿಂಗಳು ದಿನಚರಿ ಬರೆದು ತರಬೇಕೆಂದು ಹೇಳಿ ಹೊರಟುಹೋದರು.

ಉಳಿದವರು ತಮ್ಮ ಮನೆಗಳ ಲೆಕ್ಕ ಬರೆದರು. ಈಕೆಯ ಮನೆಯೇ ಅಂಗಡಿ. ಸಂಜೆ ಆರರಿಂದ ಒಂಬತ್ತರವರೆಗೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ಬಂದವರು ಏನು ಕೇಳಿದರು, ಏನು ಕೊಂಡು ಹೋದರು ಎಂಬುದನ್ನು ಆಕೆ ಬರೆಯತೊಡಗಿದಳು. ತಂದೆಯ ಸಾಲದ ಪುಸ್ತಕದ ಪಕ್ಕದಲ್ಲಿಯೇ ಮಗಳ ದಿನಚರಿಯೂ ಬೆಳೆಯಿತು. ಸಾಬೂನು ಕೇಳಲು ಬಂದ ಮಗು ಚಾಕೊಲೇಟಿಗಾಗಿ ಅತ್ತದ್ದು, ಗಾರೆ ಕೆಲಸದವರು ದಿನದ ಕೂಲಿ ಬಂದ ಮೇಲೆ ಒಂದೇ ಒಂದು ಶಾಂಪೂ ಪೊಟ್ಟಣ ಕೊಂಡದ್ದು, ಬಡಾವಣೆಯ ಮನೆಯವರು ದಿನಸಿಯನ್ನೆಲ್ಲ ಮೊಬೈಲಿನಲ್ಲಿ ತರಿಸಿಕೊಂಡು ಕೊತ್ತಂಬರಿ ಸೊಪ್ಪಿಗೆ ಮಾತ್ರ ಇಲ್ಲಿಗೆ ಬಂದದ್ದು, ಇವೆಲ್ಲ ಅದರಲ್ಲಿ ದಾಖಲಾದವು. ಪಠ್ಯಪುಸ್ತಕದ ಒಂದೊಂದು ಅಧ್ಯಾಯವೂ ತಮ್ಮ ಅಂಗಡಿಯ ಹೊಸ್ತಿಲು ದಾಟಿ ಬರುತ್ತಿದೆಯೆಂದು ಆಕೆಗೆ ಅನ್ನಿಸಿತಂತೆ.

ಈ ಪತ್ರಿಕೆ ಹುಟ್ಟಿಕೊಂಡದ್ದಕ್ಕೂ ಒಂದು ಚರಿತ್ರೆಯಿದೆ. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರು ತಮ್ಮ ಸಂಸತ್ತಿಗೆ ಕಳುಹಿಸಿದ ಸಂದೇಶದಲ್ಲಿ ಗ್ರಾಹಕನಿಗೆ ಸುರಕ್ಷತೆಯ, ಮಾಹಿತಿಯ, ಆಯ್ಕೆಯ ಹಾಗೂ ತನ್ನ ಅಹವಾಲನ್ನು ಆಲಿಸುವಂತೆ ಕೇಳುವ ಹಕ್ಕುಗಳಿವೆ ಎಂದು ಸಾರಿದರು. ಆ ದಿನವನ್ನೇ ಇಂದು ವಿಶ್ವ ಗ್ರಾಹಕ ಹಕ್ಕುಗಳ ದಿನವೆಂದು ಆಚರಿಸುತ್ತೇವೆ. 1972ರಲ್ಲಿ ಫಿಲಿಪ್ ಕೋಟ್ಲರ್ ಎಂಬ ವಿದ್ವಾಂಸರು, ಗ್ರಾಹಕನ ಇಂದಿನ ಆಸೆಯನ್ನು ತಣಿಸಿದರೆ ಸಾಲದು, ಅವನ ದೀರ್ಘಕಾಲದ ಹಿತವನ್ನೂ ಸಮಾಜದ ಹಿತವನ್ನೂ ವ್ಯಾಪಾರಿ ನೋಡಬೇಕೆಂಬ ವಾದವನ್ನು ಮುಂದಿಟ್ಟರು. ನಮ್ಮ ದೇಶದಲ್ಲಿ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ನಮ್ಮ ಮೈಸೂರಿನ ಗ್ರಾಹಕರ ಪರಿಷತ್ತಿನಂಥ ಸಂಘಟನೆಗಳು ಈ ಅರಿವನ್ನು ಬೀದಿಬೀದಿಗೆ ಒಯ್ಯಲು ದುಡಿದಿವೆ.

ಗಂಧದ ಸಾಬೂನಿನ ಪ್ರಸಂಗ

ತರಗತಿಯಲ್ಲಿ ಪ್ರತಿಯೊಬ್ಬರೂ ಒಂದೊಂದು ವಸ್ತುವನ್ನು ಆರಿಸಿಕೊಂಡು ಪ್ರಬಂಧ ಮಂಡಿಸಬೇಕಿತ್ತು. ಈಕೆ ಆರಿಸಿಕೊಂಡದ್ದು ಮೈಸೂರು ಸ್ಯಾಂಡಲ್ ಸಾಬೂನು. ಅಂಗಡಿಯ ಮೇಲಿನ ಹಲಗೆಯಲ್ಲಿ, ತಾನು ಹುಟ್ಟುವ ಮೊದಲಿನಿಂದಲೂ ಅದೇ ಜಾಗದಲ್ಲಿ ಕುಳಿತಿರುವ ವಸ್ತುವೆಂದರೆ ಅದೊಂದೇ ಎಂಬುದು ಆಕೆ ಕೊಟ್ಟ ಕಾರಣ.

ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಯೂರೋಪಿಗೆ ಹೋಗಬೇಕಿದ್ದ ಗಂಧದ ಮರ ಇಲ್ಲಿಯೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಆ ಸಂಕಟವನ್ನೇ ಅವಕಾಶವಾಗಿ ಮಾಡಿಕೊಂಡರು. ಗಂಧದೆಣ್ಣೆ ತೆಗೆಯುವ ಕಾರ್ಖಾನೆಗಳು ಆರಂಭವಾದವು. ರಸಾಯನಶಾಸ್ತ್ರ ಬಲ್ಲ ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಸಾಬೂನು ಮತ್ತು ಸುಗಂಧದ ವಿದ್ಯೆ ಕಲಿತು ಬಂದರು. ಆನೆಯ ಸೊಂಡಿಲು, ಸಿಂಹದ ದೇಹವುಳ್ಳ ಶರಭ ಅದರ ಮುದ್ರೆಯಾಯಿತು. 1980ರಲ್ಲಿ ಸಾಬೂನು ಕಾರ್ಖಾನೆಯೂ ಗಂಧದೆಣ್ಣೆಯ ಕಾರ್ಖಾನೆಗಳೂ ಒಂದೇ ಸರ್ಕಾರಿ ಕಂಪನಿಯಡಿ ಸೇರಿದವು. 2006ರಲ್ಲಿ ಈ ಸಾಬೂನಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದೇ ವರ್ಷ ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿ ಅದರ ಪ್ರಚಾರ ರಾಯಭಾರಿಯಾದರು.

ಆಕೆ ಪ್ರಬಂಧ ಸಿದ್ಧಪಡಿಸುವ ವೇಳೆಗೆ 2025ರ ಮೇ ತಿಂಗಳ ವಿವಾದ ಎಲ್ಲರಿಗೂ ತಿಳಿದಿತ್ತು. ಚಿತ್ರನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.20 ಕೋಟಿ ರೂಪಾಯಿ ಸಂಭಾವನೆಯ ಮೇಲೆ ರಾಯಭಾರಿಯನ್ನಾಗಿ ನೇಮಿಸಿದಾಗ, ಕನ್ನಡದ ಕಲಾವಿದರು ಇರಲಿಲ್ಲವೇ ಎಂದು ನಾಡಿನಲ್ಲಿ ಪ್ರಶ್ನೆ ಎದ್ದಿತು. ಕರ್ನಾಟಕದ ಹೊರಗಿನ ಮಾರುಕಟ್ಟೆಯನ್ನು ತಲುಪಲು ಇದು ಅಗತ್ಯವೆಂದು ಸರ್ಕಾರ ಸಮರ್ಥಿಸಿಕೊಂಡಿತು. ತರಗತಿಯೂ ಎರಡು ಪಕ್ಷವಾಗಿ ವಾದಿಸಿತಂತೆ.

ವಿದ್ಯಾರ್ಥಿನಿಯ ನಿಲುವು ಬೇರೆಯಾಗಿತ್ತು. ಸಾಬೂನಿನ ಪಕ್ಕದಲ್ಲಿ ಯಾರ ಮುಖವಿರಬೇಕು ಎಂಬುದು ಮಾರುಕಟ್ಟೆಯ ಪ್ರಶ್ನೆ ನಿಜ. ಆದರೆ ಈ ಸಾಬೂನು ಒಂದು ಶತಮಾನ ಕಾಲ ಬಾಳಿದ್ದು ಮುಖದ ಬಲದಿಂದಲ್ಲ. ಡಬ್ಬಿಯ ಒಳಗೆ ಹೇಳಿದ ಗಂಧದೆಣ್ಣೆ ಇದ್ದೇ ಇರುತ್ತದೆಂಬ ನಂಬಿಕೆಯಿಂದ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇದೇ ಹೆಸರಿನ ನಕಲಿ ಸಾಬೂನಿನ ಜಾಲ ಪತ್ತೆಯಾಯಿತು. ಕಳ್ಳರು ಕದಿಯಲು ಹೊರಟದ್ದು ಸಾಬೂನನ್ನಲ್ಲ, ಆ ನಂಬಿಕೆಯನ್ನು ಎಂದು ಆಕೆ ಪ್ರಬಂಧದಲ್ಲಿ ಬರೆದಳು. ಅಧ್ಯಾಪಕಿ ಆ ವಾಕ್ಯದ ಕೆಳಗೆ ಗೆರೆ ಎಳೆದು, "ಹಾಗಾದರೆ ನಂಬಿಕೆಗೆ ಬೆಲೆ ಕಟ್ಟುವುದು ಹೇಗೆ?" ಎಂದು ಬರೆದು ಹಿಂತಿರುಗಿಸಿದರು.

ನಂಜನಗೂಡು ಕೊಟ್ಟ ಉತ್ತರ

ಉತ್ತರ ಮೈಸೂರಿಗೆ ಸಮೀಪದ ನಂಜನಗೂಡಿನಲ್ಲಿಯೇ ಇತ್ತು. ಅಲ್ಲಿನ ನೆಸ್ಲೆ ಕಾರ್ಖಾನೆಯಲ್ಲಿ ತಯಾರಾಗುವ ಮ್ಯಾಗಿ ನೂಡಲ್ಸ್ ನಮ್ಮ ಮಕ್ಕಳಿಗೆ ಅಮ್ಮನ ಕೈಯಡುಗೆಯಷ್ಟೇ ಪರಿಚಿತ. 2015ರ ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರವು, ಸೀಸದ ಅಂಶ ಮಿತಿಮೀರಿದೆಯೆಂದೂ ಪೊಟ್ಟಣದ ಮೇಲಿನ ಬರಹ ದಾರಿ ತಪ್ಪಿಸುವಂತಿದೆಯೆಂದೂ ಕಾರಣ ನೀಡಿ ಅದರ ಮಾರಾಟವನ್ನು ದೇಶಾದ್ಯಂತ ನಿಲ್ಲಿಸಿತು. ಕಂಪನಿ ಆರೋಪವನ್ನು ಅಲ್ಲಗಳೆದು ನ್ಯಾಯಾಲಯಕ್ಕೆ ಹೋಯಿತು. ಆಗಸ್ಟ್ 13ರಂದು ಮುಂಬಯಿ ಉಚ್ಚ ನ್ಯಾಯಾಲಯವು ನಿಷೇಧವನ್ನು ರದ್ದುಪಡಿಸಿ, ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಮತ್ತೆ ಪರೀಕ್ಷಿಸಬೇಕೆಂದು ಆದೇಶಿಸಿತು. ಫಲಿತಾಂಶ ಮಿತಿಯೊಳಗಿತ್ತು. ಅಕ್ಟೋಬರಿನಲ್ಲಿ ನಂಜನಗೂಡು ಸೇರಿದಂತೆ ಮೂರು ಕಾರ್ಖಾನೆಗಳಲ್ಲಿ ತಯಾರಿಕೆ ಮರಳಿ ಆರಂಭವಾಯಿತು. ನವೆಂಬರ್ 9ರಂದು ಸರಕು ಅಂಗಡಿಗಳಿಗೆ ಬಂದಿತು.

ಆ ಐದು ತಿಂಗಳು ಆಕೆಗೆ ಪುಸ್ತಕದ ನೆನಪಲ್ಲ, ಬಾಲ್ಯದ ನೆನಪು. ತಂದೆ ಕಪಾಟಿನ ಪೊಟ್ಟಣಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ವಿತರಕರಿಗೆ ಒಪ್ಪಿಸಿದ್ದರು. ಆದರೆ ಊರಿನ ತಾಯಂದಿರು ಬಂದು ಕೇಳಿದ್ದು ಕಂಪನಿಯನ್ನಲ್ಲ, ಪ್ರಾಧಿಕಾರವನ್ನೂ ಅಲ್ಲ. "ಅಣ್ಣಾ, ನೀವೇ ಅಲ್ವ ಕೊಟ್ಟಿದ್ದು? ನಮ್ಮ ಮಗೂಗೆ ಏನಾದ್ರೂ ಆಗುತ್ತಾ?" ಎಂದು ಆಕೆಯ ತಂದೆಯನ್ನು. ಸರಿಯೋ ತಪ್ಪೋ, ಸಂಶಯದ ಮೊದಲ ಪೆಟ್ಟು ಬೀಳುವುದು ಗಲ್ಲದ ಹಿಂದೆ ಕುಳಿತವನ ಮುಖಕ್ಕೆ. ನಂಬಿಕೆ ಜಾಹೀರಾತಿನಿಂದ ಬರುತ್ತದೆಂದು ಪುಸ್ತಕ ಹೇಳಬಹುದು. ಅದು ಮುರಿದಾಗ ಲೆಕ್ಕ ಕೇಳುವುದು ಮಾತ್ರ ಪರಿಚಿತ ಮನುಷ್ಯನನ್ನೇ. ಈ ಮಾತನ್ನು ಆಕೆ ಬಹಳ ಹೊತ್ತು ಯೋಚಿಸಿ ನಮಗೆ ಹೇಳಿದಳು.

ದೂರವಾಣಿಯ ಆ ಕಡೆ

ಇಲ್ಲಿಯವರೆಗಿನದು ಓದಿನ ಮಾತಾಯಿತು. ನಿಜವಾದ ಪರೀಕ್ಷೆ ಎದುರಾದದ್ದು ಬೇಸಿಗೆಯಲ್ಲಿ. ಪಠ್ಯಕ್ರಮದಂತೆ ವಿದ್ಯಾರ್ಥಿಗಳು ಆರು ವಾರ ಯಾವುದಾದರೂ ಸಂಸ್ಥೆಯಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ತರಬೇಕು. ಈಕೆ ಮತ್ತು ಇಬ್ಬರು ಸಹಪಾಠಿಗಳು ಶಾಲಾ ಮಕ್ಕಳಿಗೆ ಮೊಬೈಲಿನಲ್ಲಿ ಮನೆಪಾಠ ಮಾರುವ ಒಂದು ಸಂಸ್ಥೆಗೆ ಸೇರಿದರು. ಅದರ ಹೆಸರು ಇಲ್ಲಿ ಬೇಕಿಲ್ಲ. ಚೆನ್ನಾಗಿ ದುಡಿದರೆ ಓದು ಮುಗಿದ ಮೇಲೆ ಕೆಲಸವನ್ನೂ ಕೊಡುತ್ತೇವೆಂಬ ಭರವಸೆ ಇತ್ತು. ಅಂಗಡಿಯ ವ್ಯಾಪಾರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದ ಆ ಮನೆಗೆ ಅದು ಸಣ್ಣ ಭರವಸೆಯಲ್ಲ.

ಕೆಲಸ ಬಹು ಸರಳ. ದಿನವೂ ತಂದೆತಾಯಂದಿರ ದೂರವಾಣಿ ಸಂಖ್ಯೆಗಳ ಪಟ್ಟಿಯೊಂದು ಕೈಗೆ ಬರುತ್ತಿತ್ತು. ಮಗುವಿನ ಹೆಸರು, ತರಗತಿ, ಯಾವ ವಿಷಯದಲ್ಲಿ ಹಿಂದೆ ಎಂಬುದೆಲ್ಲ ಅದರಲ್ಲಿತ್ತು. ಆ ವಿವರಗಳನ್ನು ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ವ್ಯಕ್ತಿಯ ಖಾಸಗಿ ವಿವರಗಳ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯಿದೆ ಮಾಡಿದೆಯೆಂಬುದನ್ನು ಆಕೆ ಅದಾಗಲೇ ಓದಿದ್ದಳು. ಮಾತನಾಡಬೇಕಾದ ಸಾಲುಗಳೂ ಅಚ್ಚಾಗಿ ಸಿದ್ಧವಾಗಿದ್ದವು: ರಿಯಾಯಿತಿ ಇಂದು ಸಂಜೆಯವರೆಗೆ ಮಾತ್ರ, ನಿಮ್ಮ ಬಡಾವಣೆಗೆ ಉಳಿದಿರುವುದು ಎರಡೇ ಸ್ಥಾನ, ಮಗುವಿನ ಭವಿಷ್ಯಕ್ಕಿಂತ ದುಡ್ಡು ದೊಡ್ಡದೇ? ಆ "ಇಂದು ಸಂಜೆ" ಮರುದಿನವೂ ಇರುತ್ತಿತ್ತು, ಅದರ ಮರುದಿನವೂ. ಕಂತಿನಲ್ಲಿ ಕಟ್ಟಬಹುದು ಎಂದು ಹೇಳಬೇಕಿತ್ತು. ಕಂತು ಎಂದರೆ ಸಾಲ ಎಂದು ಹೇಳಬೇಕಾಗಿರಲಿಲ್ಲ.

ತರಗತಿಯಲ್ಲಿ ಈಕೆ ಇದನ್ನೇ ಓದಿದ್ದಳು. ಕೇಂದ್ರ ಸರ್ಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಗ್ರಾಹಕನನ್ನು ಮರುಳುಗೊಳಿಸುವ ಹದಿಮೂರು ಬಗೆಯ ಕಪಟ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಲಾಗಿದೆ. ಡಾರ್ಕ್ ಪ್ಯಾಟರ್ನ್ ಎಂದು ಅವುಗಳಿಗೆ ಹೆಸರು. ಆನ್‌ಲೈನ್ ವ್ಯಾಪಾರವನ್ನು ಉದ್ದೇಶಿಸಿದ ಆ ಪಟ್ಟಿಯಲ್ಲಿ, ಇಲ್ಲದ ಅವಸರವನ್ನು ಹುಟ್ಟಿಸುವುದು ಒಂದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಒಂದು. ಬೇಡವೆಂದವನಿಗೆ ನಾಚಿಕೆಯಾಗುವಂತೆ ಮಾಡುವುದು ಇನ್ನೊಂದು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂಥ ಚಂದಾ ಬಲೆ ಮತ್ತೊಂದು. 2024ರ ನವೆಂಬರ್ 13ರಂದು ತರಬೇತಿ ಕೇಂದ್ರಗಳ ಜಾಹೀರಾತಿಗೆಂದೇ ಬಂದ ಮಾರ್ಗಸೂಚಿಯೂ ಸ್ಥಾನಗಳು ತುಂಬಿಹೋಗುತ್ತಿವೆಯೆಂಬ ಸುಳ್ಳು ಅವಸರವನ್ನು ಖಂಡಿಸುತ್ತದೆ. ಪರೀಕ್ಷೆಗಾಗಿ ಕಂಠಪಾಠ ಮಾಡಿದ ಸಾಲುಗಳು ಈಗ ಆಕೆಯ ಬಾಯಿಯಿಂದಲೇ ತಿರುಗುಮುರುಗಾಗಿ ಹೊರಡುತ್ತಿದ್ದವು.

ಎರಡನೆಯ ವಾರ ಒಬ್ಬ ತಾಯಿ ಒಪ್ಪಿಕೊಂಡರು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವವರು. ಏಳನೆಯ ತರಗತಿಯ ಮಗ. ಊಟದ ಬಿಡುವಿನಲ್ಲಿ ಮಾತನಾಡುತ್ತಿದ್ದ ಅವರು, "ಸಂಜೆಗೆ ಮುಗಿದುಹೋಗುತ್ತೆ ಅಂದ್ರಲ್ಲಮ್ಮ, ಸರಿ, ಬರ್ಕೊಳ್ಳಿ" ಎಂದರಂತೆ. ಮೇಲಧಿಕಾರಿ ಎಲ್ಲರ ಮುಂದೆ ಚಪ್ಪಾಳೆ ತಟ್ಟಿಸಿದರು. ಆ ಚಪ್ಪಾಳೆ ತನಗೆ ಮನೆಯವರೆಗೂ ಕೇಳಿಸುತ್ತಿತ್ತು ಎಂದು ಆಕೆ ಹೇಳಿದಳು.

ರಾತ್ರಿ ಅಂಗಡಿಯ ಬಾಗಿಲು ಹಾಕಿದ ಮೇಲೆ ಆಕೆ ತನ್ನ ಸ್ವಂತ ಮೊಬೈಲಿನಿಂದ ಆ ತಾಯಿಗೆ ಕರೆ ಮಾಡಿದಳು. "ಅಕ್ಕಾ, ಸಂಜೆಯವರೆಗೆ ಮಾತ್ರ ಅಂತ ನಾನು ಹೇಳಿದ್ದು ಸುಳ್ಳು. ಅದು ಕಂತಲ್ಲ, ಸಾಲ. ಇನ್ನೊಂದು ಸಾರಿ ಯೋಚನೆ ಮಾಡಿ" ಎಂದಳು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಂದ ಉತ್ತರ ಕೃತಜ್ಞತೆಯದಲ್ಲ. "ಇದನ್ನ ಮಧ್ಯಾಹ್ನನೇ ಯಾಕಮ್ಮ ಹೇಳ್ಲಿಲ್ಲ?"

ಮರುದಿನ ಆಕೆ ಆ ಕೆಲಸಕ್ಕೆ ಹೋಗಲಿಲ್ಲ. ಪ್ರಮಾಣಪತ್ರ ಸಿಗಲಿಲ್ಲ. ಬೇರೊಂದು ಕಡೆ, ಒಂದು ಸಣ್ಣ ಊದುಬತ್ತಿ ತಯಾರಿಕೆಯ ಘಟಕದಲ್ಲಿ, ಮತ್ತೆ ಮೊದಲಿನಿಂದ ಆರು ವಾರ ಕಳೆಯಬೇಕಾಯಿತು. ಕೆಲಸದ ಭರವಸೆಯೂ ಹೋಯಿತು. ಸಹಪಾಠಿಗಳಿಬ್ಬರೂ ಅಲ್ಲಿಯೇ ಮುಂದುವರಿದರು. ಅವರ ಮೇಲೆ ಆಕೆಗೆ ಸಿಟ್ಟಿಲ್ಲ. ಒಬ್ಬನ ಮನೆಯಲ್ಲಿ ತಂದೆಯಿಲ್ಲ, ಇನ್ನೊಬ್ಬಳು ಶುಲ್ಕಕ್ಕಾಗಿ ಸಾಲ ಮಾಡಿದ್ದಾಳೆ. "ನನಗೆ ಅಂಗಡಿ ಇತ್ತು, ಅದಕ್ಕೇ ಬಿಡೋಕೆ ಆಯ್ತು" ಎಂದಳು. ಈ ಮಾತಿನ ಪ್ರಾಮಾಣಿಕತೆ ನಮ್ಮನ್ನು ತಟ್ಟಿತು. ಸತ್ಯ ಹೇಳುವುದಕ್ಕೂ ಒಂದಿಷ್ಟು ಆಸರೆ ಬೇಕು. ಆ ಆಸರೆ ಇಲ್ಲದವರನ್ನು ದೂರುವ ಮೊದಲು ನಾವು ಹತ್ತು ಸಲ ಯೋಚಿಸಬೇಕು.

ತಕ್ಕಡಿ ತನ್ನ ಮನೆಯಲ್ಲಿಯೂ

ಇಲ್ಲಿಗೆ ಕಥೆ ಮುಗಿದಿದ್ದರೆ ಓದುಗರಿಗೆ ಹಿತವಾಗುತ್ತಿತ್ತು. ಆದರೆ ಹೊರಗಿನವರ ತಪ್ಪನ್ನು ಕಂಡ ಕಣ್ಣು ತನ್ನ ಅಂಗಡಿಯ ಕಡೆಗೂ ತಿರುಗದೆ ಇರಲಿಲ್ಲ.

ಅಂಗಡಿಯ ಮುಂಭಾಗದಲ್ಲಿ, ಸರಿಯಾಗಿ ನಾಲ್ಕು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ, ಚಾಕೊಲೇಟಿನ ಒಂದು ಕಪಾಟು ನಿಂತಿತ್ತು. ಅದನ್ನು ಅಲ್ಲಿಯೇ ಇಡಬೇಕೆಂದು ಸರಕಿನವರು ಗೊತ್ತು ಮಾಡಿ, ತಿಂಗಳಿಗೆ ಇಷ್ಟು ಎಂದು ಹಣವನ್ನೂ ಕೊಡುತ್ತಿದ್ದರು. ಮೇಲೆ ಏಲಕ್ಕಿಯ ಜಾಹೀರಾತಿನ ಫಲಕ. ಅದರ ಹೆಸರೂ ಬಣ್ಣವೂ ಒಂದು ಪಾನ್ ಮಸಾಲೆಯದ್ದೇ. ಒಂದನ್ನು ತೋರಿಸಿ ಇನ್ನೊಂದನ್ನು ನೆನಪಿಸುವ ಇಂಥ ಬದಲಿ ಜಾಹೀರಾತುಗಳಿಗೆ 2022ರ ಜೂನ್ 9ರ ಮಾರ್ಗಸೂಚಿ ಕಡಿವಾಣ ಹಾಕಿದೆ. ಇನ್ನು ಚಿಲ್ಲರೆ ಇಲ್ಲದಾಗ ಒಂದು ರೂಪಾಯಿಗೆ ಬದಲಾಗಿ ಮಿಠಾಯಿ ಕೊಡುವ ವಾಡಿಕೆಯಂತೂ ಯಾರಿಗೂ ತಪ್ಪೆಂದೇ ತೋರಿರಲಿಲ್ಲ.

ಮಗಳು ಇವನ್ನೆಲ್ಲ ಒಂದೊಂದಾಗಿ ಹೇಳಿದಾಗ ತಂದೆಗೆ ಕೋಪ ಬಂದಿತು. "ನೀನು ಓದಿದ್ದು ನಮ್ಮ ಅಂಗಡಿ ಮುಚ್ಚಿಸೋಕಾ ಮಗಳೇ?" ಎಂದು ಕೇಳಿದರಂತೆ. ಅವರ ಕೋಪಕ್ಕೆ ಕಾರಣವೂ ಇತ್ತು. ಬಡಾವಣೆಯ ಗಿರಾಕಿಗಳು ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಬರುವ ದಿನಸಿಗೆ ಮೊರೆಹೋಗಿದ್ದಾರೆ. ದೊಡ್ಡ ಮಳಿಗೆಗಳು ಕೊಡುವ ರಿಯಾಯಿತಿಯನ್ನು ಸಣ್ಣ ಅಂಗಡಿ ಕೊಡಲಾರದು. ಕಪಾಟಿನ ಬಾಡಿಗೆಯೂ ಹೋದರೆ ವಿದ್ಯುತ್ ಬಿಲ್ಲಿಗೆ ದಾರಿಯೇನು?

ಒಂದು ವಾರ ತಂದೆ ಮಗಳ ನಡುವೆ ಹೆಚ್ಚು ಮಾತಿರಲಿಲ್ಲ. ಒಂದು ಸಂಜೆ ಆಕೆ ಕಾಲೇಜಿನಿಂದ ಬಂದಾಗ ಕಪಾಟು ಅಂಗಡಿಯ ಒಳಗೋಡೆಗೆ ಸರಿದಿತ್ತು. ಏಲಕ್ಕಿಯ ಫಲಕ ಮರೆಯಾಗಿತ್ತು. ತಂದೆ ಏನನ್ನೂ ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ಆದರೆ ಹಗ್ಗಕ್ಕೆ ತೂಗುಬಿಟ್ಟ ಶಾಂಪೂ ಪೊಟ್ಟಣಗಳು ಹಾಗೆಯೇ ಇದ್ದವು. ಪ್ಲಾಸ್ಟಿಕ್ ಕಸದ ಅಧ್ಯಾಯವನ್ನು ಓದಿದ್ದ ಮಗಳು ಅವನ್ನೂ ತೆಗೆಯಬೇಕೆಂದಾಗ ತಂದೆ ಗಾರೆ ಕೆಲಸದವರನ್ನು ತೋರಿಸಿ, "ಅವರ ಹತ್ರ ಇವತ್ತಿನ ಕೂಲಿ ಮಾತ್ರ ಇದೆ, ತಿಂಗಳ ಸಂಬಳ ಇಲ್ಲ. ದೊಡ್ಡ ಬಾಟ್ಲಿ ಅವರು ಎಲ್ಲಿಂದ ತಗೋತಾರೆ?" ಎಂದು ಕೇಳಿದರು. ಅದಕ್ಕೆ ಆಕೆಯಲ್ಲಿ ಉತ್ತರವಿರಲಿಲ್ಲ. ಪೊಟ್ಟಣ ಚರಂಡಿಯನ್ನು ಕಟ್ಟುತ್ತದೆಂಬುದೂ ನಿಜ. ಬಡವನ ತಲೆಗೆ ಅದೇ ಎಟಕುವುದೆಂಬುದೂ ನಿಜ. ಎರಡು ನಿಜಗಳ ನಡುವೆ ನಿಲ್ಲುವುದನ್ನು ಕಲಿತದ್ದೇ ತನ್ನ ಓದಿನ ದೊಡ್ಡ ಲಾಭವೆಂದು ಆಕೆ ಹೇಳಿದಳು.

ಅಳತೆಯ ಮಾತು

ಧರ್ಮಸಭೆಯೂ ಈ ವಿಷಯದಲ್ಲಿ ಮೌನವಾಗಿಲ್ಲ ಎಂಬುದನ್ನು ಇಲ್ಲಿ ನೆನಪಿಸುವುದು ಉಚಿತ. 1997ರ ಫೆಬ್ರವರಿ 22ರಂದು ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಮಂಡಳಿಯು ಜಾಹೀರಾತಿನ ನೀತಿಯನ್ನು ಕುರಿತು ಒಂದು ದಾಖಲೆಯನ್ನು ಪ್ರಕಟಿಸಿತು. ಜಾಹೀರಾತು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ, ಅದೊಂದು ಉಪಕರಣ. ಅದನ್ನು ಬಳಸುವವರು ಸತ್ಯ, ಮಾನವ ಘನತೆ ಮತ್ತು ಸಮಾಜದ ಹೊಣೆ ಎಂಬ ಮೂರನ್ನು ಮರೆಯಬಾರದೆಂಬುದು ಅದರ ಸಾರ. ವಿದ್ಯಾರ್ಥಿನಿ ಇದನ್ನು ತನ್ನ ಪ್ರಬಂಧದಲ್ಲಿ ಉಲ್ಲೇಖಿಸಿದಾಗ ತರಗತಿಯ ಹಿಂದೂ, ಮುಸ್ಲಿಂ ಗೆಳತಿಯರು ತಮ್ಮ ಮನೆಗಳಲ್ಲಿ ಹಿರಿಯರು ತೂಕ ಅಳತೆಗಳ ಬಗ್ಗೆ ಹೇಳುತ್ತಿದ್ದ ಮಾತುಗಳನ್ನು ನೆನಪಿಸಿಕೊಂಡರಂತೆ. ಸುಳ್ಳು ತಕ್ಕಡಿಯನ್ನು ಮೆಚ್ಚುವ ಧರ್ಮ ಯಾವುದೂ ಇಲ್ಲ.

ಆದರೆ ಧರ್ಮದ ಮಾತಿನ ಜೊತೆಗೆ ಕಾನೂನಿನ ಬಲವೂ ಬೇಕು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಅದರಡಿ ಸ್ಥಾಪಿತವಾದ ಕೇಂದ್ರ ಪ್ರಾಧ���ಕಾರವು ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿಗೆ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಹಣ ಪಡೆದು ಮೊಬೈಲಿನಲ್ಲಿ ಸರಕನ್ನು ಹೊಗಳುವವರು ಅದು ಜಾಹೀರಾತೆಂದು ಸ್ಪಷ್ಟವಾಗಿ ಹೇಳಬೇಕು. ಮಕ್ಕಳಿಗೆ ಕುಡಿಸುವ ಪೇಯಗಳ ಬಗ್ಗೆಯೂ ಎಚ್ಚರ ಮೂಡಿದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಬೋರ್ನ್‌ವಿಟಾ ಮೊದಲಾದ ಪೇಯಗಳನ್ನು 'ಆರೋಗ್ಯ ಪೇಯ'ದ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಮೋಸ ಹೋದೆವೆಂದು ಅನ್ನಿಸಿದರೆ 1915 ಸಂಖ್ಯೆಗೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ನಮ್ಮ ಯುವಜನ ಕೂಟಗಳೂ ಮಹಿಳಾ ಸಂಘಗಳೂ ಒಂದು ಸಂಜೆಯನ್ನು ಈ ತಿಳಿವಳಿಕೆಗೆ ಮೀಸಲಿಟ್ಟರೆ ಎಷ್ಟೋ ಮನೆಗಳು ಸಾಲದ ಬಲೆಯಿಂದ ಪಾರಾದಾವು.

ಹೊರಡುವ ಮೊದಲು ನಾವು ಆಕೆಯನ್ನು ಮತ್ತೆ ಕೊಸರಿನ ವಿಷಯಕ್ಕೆ ಕರೆತಂದೆವು. ಪುಸ್ತಕದಲ್ಲಿ ಅದಕ್ಕೇಕೆ ಹೆಸರಿಲ್ಲ? ಒಂದು ಕೊಂಡರೆ ಒಂದು ಉಚಿತ ಎನ್ನುತ್ತಾರಲ್ಲ, ಅದೂ ಕೊಸರೇ ಅಲ್ಲವೇ?

"ಅಲ್ಲ" ಎಂದಳು ಆಕೆ. ಉಚಿತ ಎಂಬುದು ಕೊಳ್ಳುವ ಮೊದಲು ತೋರಿಸುವ ಆಸೆ. ಅದರ ಬೆಲೆ ಎಲ್ಲೋ ಒಂದು ಕಡೆ ಸೇರಿಯೇ ಇರುತ್ತದೆ. ಕೊಸರು ವ್ಯಾಪಾರ ಮುಗಿದ ಮೇಲೆ ಬೀಳುವುದು. ತೂಕ ಸರಿಯಾಗಿದೆ, ದುಡ್ಡು ಸಂದಿದೆ, ಇನ್ನು ಯಾರಿಗೂ ಯಾರ ಋಣವೂ ಇಲ್ಲ. ಆಗ ಮಾರುವವನ ಕೈ ಮತ್ತೊಮ್ಮೆ ಚೀಲದೊಳಗೆ ಹೋಗುತ್ತದೆ. ಎದುರಿಗೆ ನಿಂತದ್ದು ಗಿರಾಕಿಯಲ್ಲ, ಮನುಷ್ಯ ಎಂಬುದಕ್ಕೆ ಅದು ಗುರುತು. ದೇವರಾಜ ಮಾರುಕಟ್ಟೆಯಲ್ಲಿ ಒಂದು ಮೊಳ ಮಲ್ಲಿಗೆ ಅಳೆದ ಮೇಲೆ ಇನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸುವ ಹೂವಿನಾಕೆಗೂ ಇದು ಗೊತ್ತು. ಧಾರಾಳವಾದ ಅಳತೆಯ ಮಾತನ್ನು ಲೂಕನ ಶುಭಸಂದೇಶದಲ್ಲಿ ಕೇಳುವಾಗಲೆಲ್ಲ ತನ್ನ ತಂದೆಯ ಮುಷ್ಟಿಯೇ ನೆನಪಾಗುತ್ತದೆ ಎಂದು ಆಕೆ ಹೇಳಿದಳು.

ಮುಂದಿನ ವರ್ಷ ಆಕೆಯ ಓದು ಮುಗಿಯುತ್ತದೆ. ಕೆಲಸ ಇನ್ನೂ ಗೊತ್ತಾಗಿಲ್ಲ. ಮಾರಾಟದ ಕೆಲಸವನ್ನೇ ಹುಡುಕುತ್ತೇನೆ ಎನ್ನುತ್ತಾಳೆ. ಒಳ್ಳೆಯವರೆಲ್ಲ ಬಿಟ್ಟುಹೋದರೆ ಆ ಕಸುಬು ಯಾರ ಕೈಗೆ ಬೀಳುತ್ತದೆ ಎಂಬುದು ಆಕೆಯ ಪ್ರಶ್ನೆ. ಅಂಗಡಿ ಇನ್ನೆಷ್ಟು ವರ್ಷ ನಡೆದೀತೆಂದು ತಂದೆಗೂ ತಿಳಿಯದು. ಅದನ್ನು ಉಳಿಸುವುದು ಬರಹದಿಂದ ಆಗುವ ಕೆಲಸವಲ್ಲ. ನಮ್ಮ ಓಣಿಯ ಅಂಗಡಿಗೆ ಕೊತ್ತಂಬರಿ ಸೊಪ್ಪಿಗೆ ಮಾತ್ರ ಹೋಗುತ್ತಿದ್ದೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬಹುದು.

ನಾವು ಎದ್ದು ನಿಂತಾಗ ಯಜಮಾನರು ಕರೆದು, ಬರುವಾಗ ನಾವು ಕೊಂಡಿದ್ದ ಕಡಲೆಕಾಯಿ ಬೀಜದ ಪೊಟ್ಟಣವನ್ನು ಒಮ್ಮೆ ಇತ್ತ ಕೊಡಿ ಎಂದರು. ಮಾತಿನ ಭರದಲ್ಲಿ ಕೊಸರು ಹಾಕುವುದನ್ನು ಮರೆತಿದ್ದರಂತೆ.